ಗುಡ್ಡದೊಳಗಿನ ನೀರು: ಬಿ.ಪಿ. ರಾಧಾಕೃಷ್ಣ ಮತ್ತು ಉತ್ತರ ಕನ್ನಡ

2009ರ ಅಕ್ಟೋಬರ್ 2ರಂದು ಕಾರವಾರದ ಕಡವಾಡ ಝರಿವಾಡದಲ್ಲಿ ಗುಡ್ಡ ಕುಸಿದು 19 ಜನ ಮಣ್ಣಿನಡಿ ಸಿಕ್ಕು ಸತ್ತರು. 2021ರಲ್ಲಿ ಯಲ್ಲಾಪುರದ ಕಳಚೆ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲೂ ಗುಡ್ಡ ಕುಸಿಯಿತು. ಪ್ರತಿ ಸಲವೂ ರಸ್ತೆ, ಮಳೆ, ಕಾಡುನಾಶ ಎಂದು ವಾದ ಕವಲೊಡೆಯುತ್ತದೆ. ಗುಡ್ಡದ ಹೊಟ್ಟೆಯಲ್ಲಿ ಏನಿದೆ ಎಂಬ ಮಾತು ಮಾತ್ರ ಹಿಂದೆ ಬೀಳುತ್ತದೆ. ಆ ಮಾತಿಗೆ ಬದುಕನ್ನೇ ಕೊಟ್ಟವರು ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ.

1918ರಲ್ಲಿ ಹುಟ್ಟಿ, 1937ರಲ್ಲಿ ಮೈಸೂರಿನ ಭೂವಿಜ್ಞಾನ ಇಲಾಖೆ ಸೇರಿ, 1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘ ಕಟ್ಟುವಲ್ಲಿ ಮುಂದೆ ನಿಂತು, 1965ರಿಂದ ಇಲಾಖೆಯ ನಿರ್ದೇಶಕರಾಗಿ, 1991ರಲ್ಲಿ ಪದ್ಮಶ್ರೀ ಪಡೆದು, 2012ರಲ್ಲಿ ತೀರಿಕೊಂಡರು. ಅದಿರು ಹುಡುಕುವುದೇ ಮುಖ್ಯವಾಗಿದ್ದ ಇಲಾಖೆಯ ಗಮನವನ್ನು ಅಂತರ್ಜಲದ ಕಡೆಗೂ ತಿರುಗಿಸಿದರು.

ನಮ್ಮ ಜಿಲ್ಲೆಗೆ ಈ ಇಲಾಖೆಯ ಕೆಲಸ ತಡವಾಗಿ ತಲುಪಿತು. ಇಲಾಖೆ ಶುರುವಾದದ್ದು 1894ರಲ್ಲಿ. ಉತ್ತರ ಕನ್ನಡವಾದರೋ 1956ರವರೆಗೆ ಮುಂಬೈ ಆಡಳಿತಕ್ಕೆ ಸೇರಿತ್ತು. ಮೈಸೂರು ಸೀಮೆಯ ಕಲ್ಲು ಮಣ್ಣಿನ ದಾಖಲೆ ಬೆಳೆಯುತ್ತಿದ್ದ ಆರು ದಶಕ ನಾವು ಆ ಲೆಕ್ಕದ ಹೊರಗೇ ಇದ್ದೆವು.

ಅವರ ಬರಹಗಳಲ್ಲಿ ನಮಗೆ ತೀರ ಹತ್ತಿರದ್ದು ಪಶ್ಚಿಮ ಘಟ್ಟದ ವಿಚಾರ. ದಕ್ಷಿಣದ ಪ್ರಸ್ಥಭೂಮಿ ಹಳೆಯದಾದರೂ ಸತ್ತ ನೆಲವಲ್ಲ, ಭೂಮಿಯ ಆಯಸ್ಸಿನಲ್ಲಿ ಇತ್ತೀಚೆಗೂ ಮೇಲೆದ್ದಿದೆ, ಅದರಿಂದಲೇ ನದಿಗಳಿಗೆ ಹೊಸ ರಭಸ ಬಂದಿದೆ ಎಂದು 1993ರಲ್ಲೂ ವಾದಿಸಿದರು. ಶರಾವತಿ ಜೋಗದಲ್ಲಿ 253 ಮೀಟರ್ ಧುಮುಕುವುದನ್ನು ಕಂಡವರಿಗೆ ಈ ವಾದ ಹಿಡಿಸದೆ ಇರದು.

ಇಂಥ ಕಡಿದಾದ ಇಳಿಜಾರಿನ ಒಳಗಿನ ಬಂಡೆ ನಮ್ಮ ಮಳೆಗೆ ಕಾಲಕ್ರಮೇಣ ಕೊಳೆತು ಮಣ್ಣಾಗುತ್ತದೆ. ಕರಾವಳಿಯ ಎಷ್ಟೋ ಗುಡ್ಡಗಳಲ್ಲಿ ಮೇಲೆ ತೂತು ತೂತಾದ ಕೆಂಪು ಚಿರೆಕಲ್ಲು, ಕೆಳಗೆ ನುಣುಪಾದ ಜೇಡಿಯಂಥ ಶೇಡಿ ಮಣ್ಣು. ಬಾವಿ ತೋಡುವವರಿಗೆ ಇದು ಚೆನ್ನಾಗಿ ಗೊತ್ತು: ಚಿರೆಕಲ್ಲು ನೀರನ್ನು ಒಳಗೆ ಬಿಡುತ್ತದೆ, ಶೇಡಿ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಜುಲೈ ಹೊತ್ತಿಗೆ ನೀರು ತುಂಬಿ ಮಣ್ಣಿನ ಹಿಡಿತ ಸಡಿಲವಾಗುತ್ತದೆ. ಬುಡದ ಆಸರೆಯನ್ನು ಕಡಿದಿದ್ದರೆ ಮೇಲಿನದು ಜಾರುತ್ತದೆ. ಆದ್ದರಿಂದ ಮಳೆಯೋ ರಸ್ತೆಯೋ ಎಂದು ಒಂದನ್ನೇ ಆರಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಘಟ್ಟದ ಮೇಲಿನ ಅಡಿಕೆ ತೋಟದವರು ಧರೆಯ (ಕಡಿದ ಗುಡ್ಡದ ಗೋಡೆಯ) ನೆತ್ತಿಯಲ್ಲಿ ಅಗಳ, ಅಂದರೆ ಕಂದಕ, ತೆಗೆದು ನೀರನ್ನು ಬದಿಗೆ ಹಾಯಿಸುತ್ತಾರೆ. ಹೆದ್ದಾರಿಗೆ ಧರೆ ಕಡಿಯುವಾಗಲೂ ಅಷ್ಟು ಆಗಬೇಕು. ಅದಕ್ಕೂ ಮೊದಲು ಆ ಗುಡ್ಡದಲ್ಲಿ ಕೊಳವೆ ಇಳಿಸಿ, ಒಂದು ಪೂರ್ತಿ ಮಳೆಗಾಲ ನೀರು ಎಷ್ಟು ಮೇಲೇರುತ್ತದೆ ಎಂದು ಅಳೆದಿರಬೇಕು.