ಪಾದದ ಉರಿ, ಪಾದದ ಜೋಮು: ಡಯಾಬಿಟಿಸ್ ನರನೋವನ್ನು ಅರ್ಥ ಮಾಡಿಕೊಳ್ಳಲು ಒಂದು ಅಧ್ಯಯನ ಟಿಪ್ಪಣಿ

ಡಯಾಬಿಟಿಸ್‌ನಿಂದ ಬರುವ ಪಾದದ ನರನೋವನ್ನು ಓದುವಾಗ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ನೋಡಿ. ನೋವು ತಗ್ಗಿಸುವುದು ಒಂದು. ಪಾದ ಉಳಿಸಿಕೊಳ್ಳುವುದು ಇನ್ನೊಂದು. ನೋವಿನ ಮಾತ್ರೆ ಮೊದಲನೆಯದನ್ನು ಮಾತ್ರ ಮಾಡುತ್ತದೆ. ಉರಿ ಕಡಿಮೆಯಾದ ಕೂಡಲೇ ನರ ಸರಿಹೋಯಿತು ಅಂದುಕೊಳ್ಳುವವರು ಬಹಳ ಮಂದಿ ಇದ್ದಾರೆ. ಆದರೆ ನರದ ಹಾನಿ ಹಾಗೆಯೇ ಇರುತ್ತದೆ. ಬೆಂಕಿ ಬಿದ್ದಂತೆ ಉರಿಯುವ ಅದೇ ಪಾದಕ್ಕೆ ಮುಳ್ಳು ಚುಚ್ಚಿದರೆ ತಿಳಿಯದೇ ಹೋಗಬಹುದು. ಕೇಳಿದರೆ ನಂಬುವುದೇ ಕಷ್ಟ ಅಲ್ವಾ? ಇದು ಹೇಗೆ ಸಾಧ್ಯ ಅನ್ನುವುದು ಗೊತ್ತಾದರೆ ಉಳಿದ ಪಾಠ ತಾನಾಗಿ ಬಿಡಿಸಿಕೊಳ್ಳುತ್ತದೆ.

ಪಾದದಿಂದಲೇ ಯಾಕೆ ಶುರು

ಪಾದದ ಸ್ಪರ್ಶವನ್ನು ಹೊತ್ತು ತರುವ ನರಕೋಶದ ಒಡಲು ಇರುವುದು ಬೆನ್ನುಮೂಳೆಯ ಪಕ್ಕದಲ್ಲಿ. ಅಲ್ಲಿಂದ ಕಾಲ್ಬೆರಳ ತುದಿಯವರೆಗೆ ಹೋಗುವ ಎಳೆ ಸುಮಾರು 1 ಮೀಟರ್ ಉದ್ದ. ಆ ಎಳೆಗೆ ಬೇಕಾದ ಪ್ರೋಟೀನ್‌ಗಳು ಹೆಚ್ಚಾಗಿ ತಯಾರಾಗುವುದು ಒಡಲಲ್ಲಿ. ಅಷ್ಟು ದೂರ ಅವು ಸಾಗಬೇಕು. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದಷ್ಟು ಕಾಲ ಎಳೆಯ ಒಳಗಿನ ಶಕ್ತಿ ತಯಾರಿಕೆ ಕೆಡುತ್ತದೆ. ನರಕ್ಕೆ ರಕ್ತ ಕೊಡುವ ಅತಿ ಸಣ್ಣ ರಕ್ತನಾಳಗಳೂ ಕಿರಿದಾಗುತ್ತವೆ. ಎಲ್ಲಕ್ಕಿಂತ ಉದ್ದದ ಎಳೆಯ ತುದಿಗೆ ಪೆಟ್ಟು ಮೊದಲು ಬೀಳುತ್ತದೆ.

ಹೀಗಾಗಿ ಎರಡೂ ಪಾದಗಳಲ್ಲಿ, ಬೆರಳ ತುದಿಯಿಂದ, ಹೆಚ್ಚುಕಡಿಮೆ ಒಂದೇ ಸಮನಾಗಿ ತೊಂದರೆ ಮೇಲೇರುತ್ತದೆ. ಕಾಲುಚೀಲ ಹಾಕುವ ಜಾಗವಷ್ಟೂ ಸೇರುತ್ತದೆ. ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳುಗಳಲ್ಲೂ ಜೋಮು ಕಾಣಿಸಿಕೊಳ್ಳಬಹುದು. ಈ ಕ್ರಮವನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಯಾರಿಗಾದರೂ ಒಂದೇ ಕಾಲಿನಲ್ಲಿ ನೋವಿದ್ದರೆ, ಕೈಯಿಂದ ಶುರುವಾಗಿದ್ದರೆ, ಕೆಲವೇ ವಾರಗಳಲ್ಲಿ ಜೋರಾಗಿದ್ದರೆ, ಅಥವಾ ಜೋಮಿಗಿಂತ ಕಾಲಿನ ಬಲವೇ ಮೊದಲು ಕುಗ್ಗಿದ್ದರೆ, ಕಾರಣ ಬೇರೆ ಇರಬಹುದು. ಡಯಾಬಿಟಿಸ್ ಇದೆ ಅಂದ ಮಾತ್ರಕ್ಕೆ ಎಲ್ಲವನ್ನೂ ಅದರ ಲೆಕ್ಕಕ್ಕೆ ಬರೆಯಬಾರದು.

ಉರಿಯೂ ಜೋಮೂ ಒಟ್ಟಿಗೆ ಹೇಗೆ

ಪಾದದಲ್ಲಿ ಸಣ್ಣ ಎಳೆಗಳೂ ಇವೆ, ದಪ್ಪ ಎಳೆಗಳೂ ಇವೆ. ನೋವು, ಬಿಸಿ, ತಂಪು ಇವನ್ನು ತಿಳಿಸುವುದು ಸಣ್ಣ ಎಳೆಗಳು. ಕಂಪನ, ಒತ್ತಡ, ಪಾದ ಎಲ್ಲಿದೆ ಅನ್ನುವ ಅರಿವು ದಪ್ಪ ಎಳೆಗಳ ಕೆಲಸ. ಎರಡೂ ಕೆಡುತ್ತವೆ, ಆದರೆ ಒಂದೇ ವೇಗದಲ್ಲಿ ಕೆಡುವುದಿಲ್ಲ. ಅದಕ್ಕೇ ಒಬ್ಬರಿಗೆ ಬರೀ ಉರಿ, ಇನ್ನೊಬ್ಬರಿಗೆ ಹತ್ತಿ ಮೇಲೆ ನಡೆದ ಹಾಗೆ, ಮತ್ತೊಬ್ಬರಿಗೆ ಎರಡೂ.

ಕೆಟ್ಟ ಎಳೆಗೆ ಹೊರಗಿನ ಸುದ್ದಿ ತರುವ ಶಕ್ತಿ ಕಡಿಮೆ. ಅದೇ ಎಳೆ, ಯಾರೂ ಮುಟ್ಟದಿದ್ದರೂ ತಾನಾಗಿ ಸಂಕೇತ ಕಳಿಸುತ್ತದೆ. ಬಾಗಿಲು ಬಡಿದರೆ ಕೂಗದೆ, ಯಾರೂ ಇಲ್ಲದಾಗ ಕೂಗುವ ಕೆಟ್ಟ ಕರೆಗಂಟೆಯಂತೆ. ಈ ಸುಳ್ಳು ಸಂಕೇತ ದಿನಗಟ್ಟಲೆ ಬರುತ್ತಿದ್ದರೆ ಬೆನ್ನುಹುರಿಯೂ ಸೂಕ್ಷ್ಮವಾಗುತ್ತದೆ. ಮಾಮೂಲಿ ಸ್ಪರ್ಶವನ್ನೂ ನೋವು ಎಂದು ಮೇಲಕ್ಕೆ ಕಳಿಸುತ್ತದೆ. ಹೊದಿಕೆ ತಾಗಿದರೂ ತಡೆಯಲಾಗದೆ ಪಾದ ಹೊರಗಿಟ್ಟು ಮಲಗುವವರು ಇರುವುದು ಇದೇ ಕಾರಣಕ್ಕೆ. ಇನ್ನೊಂದು ವಿಷಯವೂ ಇದೆ. ಮೆದುಳಿನಿಂದ ಕೆಳಗೆ ಬಂದು ನೋವನ್ನು ತಗ್ಗಿಸುವ ಒಂದು ಸಹಜ ವ್ಯವಸ್ಥೆ ನಮ್ಮೆಲ್ಲರಲ್ಲೂ ಇದೆ. ಅದು ದುರ್ಬಲವಾದರೆ ನೋವು ಇನ್ನೂ ಹೆಚ್ಚು. ನಿದ್ದೆ ಇಲ್ಲದಿರುವುದು, ಆತಂಕ, ಖಿನ್ನತೆ ಇವು ನೋವನ್ನು ಹೆಚ್ಚಿಸುತ್ತವೆ, ನೋವು ಇವನ್ನು ಹೆಚ್ಚಿಸುತ್ತದೆ. "ಎಲ್ಲ ಮನಸ್ಸಿನದು" ಎಂದು ಯಾರಾದರೂ ಅಂದರೆ ಅದು ತಪ್ಪು. ನರದಲ್ಲಿ ನಿಜವಾದ ಹಾನಿ ಇದೆ.

ಗುರುತಿಸುವುದು

ಮಾತು ಕೇಳಿಸಿಕೊಂಡರೇ ಅರ್ಧ ಗೊತ್ತಾಗುತ್ತದೆ. ಉರಿ, ಸೂಜಿ ಚುಚ್ಚು, ಕರೆಂಟ್ ಹೊಡೆದ ಹಾಗೆ, ಜುಮ್ಮುಜುಮ್ಮು. ರಾತ್ರಿ ಮಲಗಿದ ಮೇಲೆ ಜಾಸ್ತಿ, ಎದ್ದು ನಡೆದಾಡಿದರೆ ಸ್ವಲ್ಪ ಹಗುರ. ಇದಕ್ಕೆ ತಿರುಗುಮುರುಗಾಗಿ, ನಡೆದಾಗ ಮೀನಖಂಡ ಹಿಡಿದುಕೊಂಡು ನಿಂತ ಕೂಡಲೇ ಬಿಟ್ಟುಹೋದರೆ ಕಾಲಿನ ರಕ್ತನಾಳ ಕಟ್ಟಿಕೊಂಡಿದೆಯೇ ಎಂದು ನೋಡಬೇಕು. ಎರಡೂ ಒಬ್ಬರಲ್ಲೇ ಇರಬಹುದು.

ಪರೀಕ್ಷೆಗೆ ದೊಡ್ಡ ಯಂತ್ರ ಬೇಕಿಲ್ಲ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು, ಕಣ್ಣು ಮುಚ್ಚಿದ ರೋಗಿಯ ಅಂಗಾಲಿನ ಮೇಲೆ ಒತ್ತಿ ಕೇಳುತ್ತಾರೆ. ಗಟ್ಟಿಯಾದ ಚರ್ಮದ ಮೇಲೆ ಒತ್ತಬಾರದು, ಅಲ್ಲಿ ಉತ್ತರ ತಪ್ಪಾಗುತ್ತದೆ. 128 ಹರ್ಟ್ಜ್ ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ಹೆಬ್ಬೆರಳ ಮೂಳೆಗೆ ಇಟ್ಟು ಕಂಪನ ತಿಳಿಯುತ್ತದೆಯೇ ಎಂದು ನೋಡುತ್ತಾರೆ. ಹಿಮ್ಮಡಿಯ ಹಿಂದೆ ತಟ್ಟಿದಾಗ ಪಾದ ತಾನಾಗಿ ಅಲುಗುವ ರಿಫ್ಲೆಕ್ಸ್, ಚುಚ್ಚಿದಾಗಿನ ಅರಿವು, ಇವೂ ಸೇರುತ್ತವೆ. ನರದ ವೇಗ ಅಳೆಯುವ ಪರೀಕ್ಷೆ ದಪ್ಪ ಎಳೆಗಳನ್ನು ಮಾತ್ರ ಹಿಡಿಯುತ್ತದೆ. ಸಣ್ಣ ಎಳೆಗಳಷ್ಟೇ ಕೆಟ್ಟಿದ್ದರೆ ವರದಿ ನಾರ್ಮಲ್ ಬರುತ್ತದೆ. ವರದಿ ನಾರ್ಮಲ್, ಆದ್ದರಿಂದ ನೋವು ಸುಳ್ಳು ಎಂಬ ತೀರ್ಮಾನಕ್ಕೆ ಎಂದೂ ಬರಬೇಡಿ.

ಮನೆಯಲ್ಲಿ ಮಾಡಬಹುದಾದದ್ದೂ ಒಂದಿದೆ. ಇಪ್ಸ್‌ವಿಚ್ ಸ್ಪರ್ಶ ಪರೀಕ್ಷೆ ಎಂದು ಹೆಸರು. ಕಣ್ಣು ಮುಚ್ಚಿಸಿ, ಎರಡೂ ಪಾದದ 1, 3 ಮತ್ತು 5ನೇ ಬೆರಳ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು. ಒತ್ತಬಾರದು, ತಟ್ಟಬಾರದು. ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳು ತಿಳಿಯದಿದ್ದರೆ ಅರಿವು ಕುಗ್ಗಿದೆ ಎಂದು ಎಣಿಸಿ ವೈದ್ಯರಿಗೆ ತೋರಿಸಬೇಕು. ಟೈಪ್ 2 ಇರುವವರಿಗೆ ಕಾಯಿಲೆ ಗೊತ್ತಾದ ದಿನದಿಂದಲೇ, ಟೈಪ್ 1 ಇರುವವರಿಗೆ 5 ವರ್ಷದ ನಂತರ, ವರ್ಷಕ್ಕೊಮ್ಮೆ ಪಾದದ ಪರೀಕ್ಷೆ ಆಗಬೇಕು.

ಬಿ12 ವಿಟಮಿನ್ ವಿಷಯ ಮರೆಯಬೇಡಿ. ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹಳ ವರ್ಷ ತಗೊಂಡವರಲ್ಲಿ ಬಿ12 ಇಳಿಯಬಹುದು. ಅದರ ಕೊರತೆಯಿಂದಲೂ ಇಂಥದೇ ಜೋಮು ಬರುತ್ತದೆ. ಇದು ಸರಿಪಡಿಸಬಹುದಾದ ಕಾರಣ, ಹಾಗಾಗಿ ರಕ್ತಪರೀಕ್ಷೆ ಮಾಡಿಸದೆ ಬಿಡುವುದು ನನಗೆ ಅನ್ಯಾಯ ಅನ್ನಿಸುತ್ತದೆ. ಥೈರಾಯ್ಡ್, ಮೂತ್ರಪಿಂಡ, ಮದ್ಯಪಾನ ಇವನ್ನೂ ಕೇಳಬೇಕು. ಹಾಗಂತ ಸುಮ್ನೆ "ನರದ ವಿಟಮಿನ್" ನುಂಗುತ್ತಾ ಹೋಗುವುದೂ ಒಳ್ಳೆಯದಲ್ಲ. ಬಿ6 ಹೆಚ್ಚು ಪ್ರಮಾಣದಲ್ಲಿ ಬಹಳ ದಿನ ಹೋದರೆ ಅದೇ ನರಕ್ಕೆ ಹಾನಿ ಮಾಡುತ್ತದೆ.

ಸಕ್ಕರೆ ಹತೋಟಿ ಎಷ್ಟು ಸಹಾಯ

1993ರಲ್ಲಿ ಬಂದ ಡಿಸಿಸಿಟಿ ಅಧ್ಯಯನದಲ್ಲಿ, ಟೈಪ್ 1 ಇರುವವರು ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟಾಗ ನರರೋಗ ಸುಮಾರು 60% ಕಡಿಮೆಯಾಯಿತು. ಟೈಪ್ 2ರಲ್ಲಿ ಅಷ್ಟು ದೊಡ್ಡ ಲಾಭ ಕಂಡಿಲ್ಲ. ಅಲ್ಲಿ ತೂಕ, ರಕ್ತದ ಕೊಬ್ಬು, ಬಿಪಿ, ಧೂಮಪಾನ ಇವೂ ನರದ ಮೇಲೆ ಕೆಲಸ ಮಾಡುತ್ತವೆ. ಹತೋಟಿಯಿಂದ ಮುಂದಿನ ಹಾನಿ ನಿಧಾನವಾಗುತ್ತದೆ, ಇರುವ ನೋವು ಅದರಿಂದಲೇ ಹೋಗುತ್ತದೆ ಎಂಬ ಭರವಸೆ ಕೊಡಲಾಗದು.

ಇಲ್ಲಿ ಒಂದು ವಿಚಿತ್ರ ಇದೆ. ಬಹಳ ದಿನ ಹೆಚ್ಚಿದ್ದ ಸಕ್ಕರೆಯನ್ನು ಅತಿ ವೇಗವಾಗಿ ಇಳಿಸಿದರೆ ಕೆಲವರಿಗೆ ಜೋರಾದ ನರನೋವು ಹೊಸದಾಗಿ ಶುರುವಾಗುತ್ತದೆ. ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, 3 ತಿಂಗಳಲ್ಲಿ 2 ಶೇಕಡಾ ಅಂಶಕ್ಕಿಂತ ಹೆಚ್ಚು ಇಳಿದಾಗ ಈ ಅಪಾಯ ಏರುತ್ತದೆ. "ಸಕ್ಕರೆ ಸರಿಯಾಯಿತು, ನೋವು ಯಾಕೆ ಬಂತು?" ಎಂದು ಕಂಗಾಲಾಗುವವರಿಗೆ ಇದನ್ನು ತಿಳಿಸಿ ಹೇಳಬೇಕು. ಇಲ್ಲದಿದ್ದರೆ ಔಷಧಿಯನ್ನೇ ಬಿಟ್ಟುಬಿಡುತ್ತಾರೆ. ಈ ನೋವು ಸಾಮಾನ್ಯವಾಗಿ ತಿಂಗಳುಗಳ ಮೇಲೆ ತಗ್ಗುತ್ತದೆ.

ಮಾತ್ರೆಗಳು

"ನನಗೆ ಫಿಟ್ಸ್ ಇಲ್ಲ, ಖಿನ್ನತೆಯೂ ಇಲ್ಲ, ಈ ಮಾತ್ರೆ ಯಾಕೆ ಬರೆದರು?" ಎಂಬ ಪ್ರಶ್ನೆಗೆ ಉತ್ತರ ಮೇಲೆಯೇ ಇದೆ. ಫಿಟ್ಸ್‌ಗೂ ಕೊಡುವ ಪ್ರೆಗಾಬಾಲಿನ್, ಗಾಬಾಪೆಂಟಿನ್ ಸುಳ್ಳು ಸಂಕೇತ ಬೆನ್ನುಹುರಿಯಲ್ಲಿ ಮುಂದಕ್ಕೆ ದಾಟುವುದನ್ನು ತಗ್ಗಿಸುತ್ತವೆ. ಖಿನ್ನತೆಗೂ ಕೊಡುವ ಡುಲೊಕ್ಸೆಟಿನ್, ಅಮಿಟ್ರಿಪ್ಟಿಲಿನ್ ಮೆದುಳಿನಿಂದ ಇಳಿಯುವ ತಡೆ ವ್ಯವಸ್ಥೆಗೆ ಬಲ ಕೊಡುತ್ತವೆ. ಮಾಮೂಲಿ ನೋವಿನ ಮಾತ್ರೆಗಳು, ಅಂದರೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದವು, ಉರಿಯೂತದ ನೋವಿಗೆ. ಇಲ್ಲಿ ಅವು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಮೊದಲೇ ಒತ್ತಡದಲ್ಲಿರುವ ಮೂತ್ರಪಿಂಡಕ್ಕೆ ಅವುಗಳಿಂದ ಕೆಡುಕು.

ಯಾವುದು ಮೇಲು? 2022ರಲ್ಲಿ ಪ್ರಕಟವಾದ ಆಪ್ಷನ್-ಡಿಎಂ ಎಂಬ ಬ್ರಿಟನ್ನಿನ ಪ್ರಯೋಗ ಇದನ್ನೇ ಕೇಳಿತು. 130 ಜನರಿಗೆ ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್, ಪ್ರೆಗಾಬಾಲಿನ್ ಇವುಗಳಲ್ಲಿ ಒಂದರಿಂದ ಶುರುಮಾಡಿ, ಸಾಲದಿದ್ದರೆ ಎರಡನೆಯದನ್ನು ಸೇರಿಸಿದರು. 10ರ ಅಳತೆಯಲ್ಲಿ 6.6 ಇದ್ದ ಸರಾಸರಿ ನೋವು, ಮೂರೂ ದಾರಿಗಳಲ್ಲಿ 16 ವಾರಕ್ಕೆ 3.3ಕ್ಕೆ ಇಳಿಯಿತು. ಹಾಗಾಗಿ ಆಯ್ಕೆ ನಿಲ್ಲುವುದು ಎದುರಿಗಿರುವ ಮನುಷ್ಯನ ಮೇಲೆ. ವಯಸ್ಸಾದವರು, ಹೃದಯದ ತೊಂದರೆ, ಮೂತ್ರ ಕಟ್ಟುವುದು, ಒಂದು ಬಗೆಯ ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇದ್ದವರಿಗೆ ಅಮಿಟ್ರಿಪ್ಟಿಲಿನ್ ಬೇಡವೆನ್ನಬಹುದು. ನಿದ್ದೆ ಬಾರದವರಿಗೆ ಅದರ ಮಂಪರೇ ಉಪಕಾರ, ರಾತ್ರಿ 10 ಮಿಲಿಗ್ರಾಂನಿಂದ ಶುರು ಮಾಡುತ್ತಾರೆ. ಪ್ರೆಗಾಬಾಲಿನ್‌ನಿಂದ ತಲೆಸುತ್ತು, ಕಾಲು ಊತ, ತೂಕ ಹೆಚ್ಚಳ. ಮೂತ್ರಪಿಂಡದ ಕೆಲಸ ನೋಡಿಕೊಂಡು ಅದರ ಪ್ರಮಾಣ ಇಳಿಸಬೇಕು. ಡುಲೊಕ್ಸೆಟಿನ್‌ನಿಂದ ವಾಕರಿಕೆ, ಊಟದ ಜೊತೆ ತಗೊಂಡರೆ ಕಡಿಮೆ. ಲಿವರ್ ಕಾಯಿಲೆ ಇದ್ದರೆ ಅದು ಬೇಡ.

ರೋಗಿಗೆ ಮೊದಲೇ ಹೇಳಬೇಕಾದ ಮಾತುಗಳಿವೆ. ಮಾತ್ರೆ ಪೂರ್ತಿ ಕೆಲಸಕ್ಕೆ ಬರಲು ಕೆಲವು ವಾರ ಬೇಕು. ಎರಡು ದಿನಕ್ಕೆ "ಉಪಯೋಗವಿಲ್ಲ" ಎಂದು ಬಿಡಬಾರದು. ನೋವು ಸೊನ್ನೆಗೆ ಇಳಿಯುವುದು ಅಪರೂಪ, 30% ಇಳಿದರೂ ಬದುಕು ಬದಲಾಗುತ್ತದೆ, 50% ಇಳಿದರೆ ಬಹಳ ಒಳ್ಳೆಯ ಫಲ. ಇದ್ದಕ್ಕಿದ್ದಂತೆ ನಿಲ್ಲಿಸಬಾರದು, ವೈದ್ಯರು ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಒಪಿಯಾಯ್ಡ್, ಅಂದರೆ ಮಾರ್ಫಿನ್ ಥರದ, ಮಾತ್ರೆಗಳ ದಾರಿ ಹಿಡಿಯದಿರುವುದೇ ಲೇಸು. ಚಟದ ಅಪಾಯ ದೊಡ್ಡದು, ದೀರ್ಘಕಾಲದ ಲಾಭ ಸಣ್ಣದು.

ಹೊರಗಿನಿಂದ ಹಚ್ಚುವುದರಲ್ಲಿ ಕ್ಯಾಪ್ಸೈಸಿನ್ ಮುಖ್ಯ. ಮೆಣಸಿನಕಾಯಿಯ ಖಾರ ಕೊಡುವ ವಸ್ತು. ವಿಜ್ಞಾನಿ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಬಂದದ್ದು ಇದಕ್ಕೆ ಸ್ಪಂದಿಸುವ ನರದ ಬಾಗಿಲನ್ನು ಪತ್ತೆಹಚ್ಚಿದ್ದಕ್ಕೆ. ಮೊದಲು ಉರಿ ಹೆಚ್ಚುತ್ತದೆ, ಆಮೇಲೆ ಆ ನರದ ತುದಿ ಸುಸ್ತಾಗಿ ಸುಮ್ಮನಾಗುತ್ತದೆ. 0.075% ಕ್ರೀಮನ್ನು ದಿನಕ್ಕೆ ಹಲವು ಸಲ, ವಾರಗಟ್ಟಲೆ ಹಚ್ಚಬೇಕು. 8% ಪಟ್ಟಿಯನ್ನು ತರಬೇತಾದವರು ಪಾದಕ್ಕೆ 30 ನಿಮಿಷ ಅಂಟಿಸುತ್ತಾರೆ. ಗಾಯದ ಮೇಲೆ ಹಚ್ಚಲೇಬಾರದು, ಕ್ರೀಮ್ ಹಚ್ಚಿದ ಕೈಯನ್ನು ಚೆನ್ನಾಗಿ ತೊಳೆಯಬೇಕು.

ರಾತ್ರಿ ಕಳೆಯುವುದು

ಹೊದಿಕೆ ಪಾದಕ್ಕೆ ತಾಗದಂತೆ ಮಂಚದ ಕೊನೆಯಲ್ಲಿ ಕಮಾನು ಅಥವಾ ಪೆಟ್ಟಿಗೆ ಇಟ್ಟು ಎತ್ತರಿಸಬಹುದು. ಮೆತ್ತನೆಯ, ಬಿಗಿಯಿಲ್ಲದ ಕಾಲುಚೀಲ ಕೆಲವರಿಗೆ ಹಿತ. ಸಂಜೆ ಸ್ವಲ್ಪ ನಡೆದಾಡಿದರೆ ಕೆಲವರ ರಾತ್ರಿ ಹಗುರವಾಗುತ್ತದೆ. ಪಾದದಲ್ಲಿ ಹುಣ್ಣು ಇಲ್ಲದೆ, ಸರಿಯಾದ ಶೂ ಇದ್ದರೆ ನಡೆಯಲು ಹೆದರಬೇಕಿಲ್ಲ.

ಬಿಸಿನೀರಿನ ಚೀಲ, ಹೀಟಿಂಗ್ ಪ್ಯಾಡ್, ಐಸ್ ನೀರು ಮಾತ್ರ ಬೇಡವೇ ಬೇಡ. ಉರಿಗೆ ತಂಪು, ನೋವಿಗೆ ಶಾಖ ಎಂದು ಕೈ ಹೋಗುವುದು ಸಹಜ. ಆದರೆ ಬಿಸಿ ತಿಳಿಸುವ ಸಣ್ಣ ಎಳೆಯೇ ಕೆಟ್ಟಿರುವಾಗ ಸುಟ್ಟದ್ದು ಗೊತ್ತಾಗುವುದು ಬೊಕ್ಕೆ ಎದ್ದ ಮೇಲೆ. ಸ್ನಾನದ ನೀರನ್ನೂ ಪಾದದಿಂದ ನೋಡಬಾರದು, ಮೊಣಕೈಯಿಂದ ನೋಡಬೇಕು.

ಪಾದ ಉಳಿಸುವ ಕೆಲಸ

ನೋವು ಇದ್ದರೂ ಇಲ್ಲದಿದ್ದರೂ ಇದು ದಿನವೂ ನಡೆಯಬೇಕು. ಅಂಗಾಲು, ಹಿಮ್ಮಡಿ, ಬೆರಳ ಸಂದು ಎಲ್ಲವನ್ನೂ ಕಣ್ಣಿನಿಂದ ನೋಡಬೇಕು. ಬಗ್ಗಲಾಗದವರಿಗೆ ಕನ್ನಡಿ, ಅಥವಾ ಮನೆಯವರ ಕಣ್ಣು. ತೊಳೆದ ಮೇಲೆ ಬೆರಳ ಸಂದು ಒರೆಸಬೇಕು. ಒಣ ಚರ್ಮಕ್ಕೆ ಕ್ರೀಮ್ ಹಚ್ಚಿ, ಸಂದಿಗೆ ಬೇಡ. ಮನೆಯೊಳಗೂ ಬರಿಗಾಲು ಬೇಡ. ಶೂ ಹಾಕುವ ಮುಂಚೆ ಒಳಗೆ ಕೈಯಾಡಿಸಿ, ಸಣ್ಣ ಕಲ್ಲೊಂದು ಇಡೀ ದಿನ ಚುಚ್ಚಿದರೂ ಪಾದ ದೂರು ಹೇಳುವುದಿಲ್ಲ. ಆಣಿಯನ್ನು ಬ್ಲೇಡಿನಿಂದ ಕೆರೆಯುವುದು, ಆಣಿ ಕರಗಿಸುವ ಆಸಿಡ್ ಪಟ್ಟಿ ಹಾಕುವುದು ಎರಡೂ ಅಪಾಯ.

ಬೊಕ್ಕೆ, ಬಿರುಕು, ಕೀವು, ಬಣ್ಣ ಕಪ್ಪಾಗುವುದು ಕಂಡರೆ ನೋವಿಗಾಗಿ ಕಾಯದೆ ಅಂದೇ ತೋರಿಸಬೇಕು. ಇವುಗಳಿಗಿಂತಲೂ ಸುಲಭವಾಗಿ ಕಣ್ತಪ್ಪುವುದು ಶಾರ್ಕೋ ಪಾದ. ಚರ್ಮ ಒಡೆದಿರುವುದಿಲ್ಲ, ಜ್ವರ ಇರುವುದಿಲ್ಲ, ನೋವೂ ಅಷ್ಟಿಲ್ಲ. ಒಂದು ಪಾದ ಮಾತ್ರ ಊದಿ, ಕೆಂಪಾಗಿ, ಇನ್ನೊಂದಕ್ಕಿಂತ ಬಿಸಿಯಾಗಿರುತ್ತದೆ. ಉಳುಕು ಎಂದೋ ಸೋಂಕು ಎಂದೋ ಬಿಟ್ಟರೆ ಒಳಗೆ ಮೂಳೆಗಳು ಕುಸಿದು ಪಾದದ ಆಕಾರವೇ ಕೆಡುತ್ತದೆ. ಆರಂಭದ ಎಕ್ಸ್‌ರೇ ನಾರ್ಮಲ್ ಕಾಣಬಹುದು, ಆಗ ಎಂಆರ್‌ಐ ಬೇಕಾಗುತ್ತದೆ. ಅನುಮಾನ ಬಂದ ಗಳಿಗೆಯಿಂದಲೇ ಆ ಪಾದದ ಮೇಲೆ ಭಾರ ಹಾಕುವುದನ್ನು ನಿಲ್ಲಿಸಬೇಕು. ಖಚಿತವಾದ ಮೇಲೆ ಮೊಣಕಾಲಿನ ಕೆಳಗಿನವರೆಗೆ ಪ್ಲಾಸ್ಟರ್ ಹಾಕಿ, ಎರಡೂ ಪಾದದ ಬಿಸಿ ಒಂದೇ ಸಮವಾಗುವವರೆಗೆ ತಿಂಗಳುಗಟ್ಟಲೆ ಹಾಗೆಯೇ ಇಡುತ್ತಾರೆ.