ಜ್ವರ ಬಿಟ್ಟ ಮೇಲೂ ಎಣ್ಣೆ ಬೇಡವೇ?

'ಒಂದು ಹನಿ ಎಣ್ಣೆ ಹಾಕಿಲ್ಲ, ಡಾಕ್ಟ್ರೇ.' ಕಾಯಿಲೆಯಿಂದ ಎದ್ದವರ ಊಟದ ಬಗ್ಗೆ ಕೇಳಿದರೆ ಮನೆಯವರು ಹೆಚ್ಚಾಗಿ ಹೇಳುವುದು ಇದನ್ನೇ. (ನಾನು ಡಾಕ್ಟರಲ್ಲ, ಆಹಾರ ತಜ್ಞೆ. ಇರಲಿ.) ವಾಂತಿ, ವಾಕರಿಕೆ ಇರುವಾಗ ಅವರು ಮಾಡಿದ್ದು ಸರಿ. ಜಿಡ್ಡಿನ ಊಟ ಹೊಟ್ಟೆಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ. ಆದರೆ ಹೊಟ್ಟೆ ಸರಿಹೋದ ಮೇಲೂ ವಾರಗಟ್ಟಲೆ ಹೀಗೇ ನಡೆದರೆ ರೋಗಿ ಸೊರಗುತ್ತಾ ಹೋಗುತ್ತಾರೆ.

ಚೇತರಿಸಿಕೊಳ್ಳುವಾಗ ದೇಹಕ್ಕೆ ಶಕ್ತಿ ಬೇಕು, ಹಸಿವು ಮಾತ್ರ ಇರುವುದಿಲ್ಲ. ನಾಲ್ಕು ತುತ್ತಿಗೇ ಸಾಕೆನಿಸುತ್ತದೆ. ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನ್ ಕೊಡುವುದು 4 ಕ್ಯಾಲೊರಿ, ಕೊಬ್ಬು 9. ಅರ್ಧ ಬಟ್ಟಲು ಸೂಪಿಗೆ ಒಂದು ಟೀ ಚಮಚ ಎಣ್ಣೆ ಬೆರೆಸಿದರೆ ಸುಮಾರು 40 ಕ್ಯಾಲೊರಿ ಸೇರುತ್ತದೆ, ಕುಡಿಯುವವರಿಗೆ ಗೊತ್ತೂ ಆಗುವುದಿಲ್ಲ.

'ಪ್ರೋಟೀನ್ ಪುಡಿ ಕೊಡ್ತಿದ್ದೀವಲ್ಲ' ಅನ್ನುತ್ತಾರೆ. ಒಟ್ಟು ಶಕ್ತಿಯೇ ಸಾಲದಿದ್ದರೆ ದೇಹ ಆ ಪ್ರೋಟೀನನ್ನೂ ಉರಿಸಿಬಿಡುತ್ತದೆ. ಮನೆ ಕಟ್ಟಲು ತಂದ ಮರವನ್ನು ಒಲೆಗಿಟ್ಟ ಹಾಗೆ. ದುಬಾರಿ ಡಬ್ಬಿ ಖಾಲಿಯಾದರೂ ಸವೆದ ಸ್ನಾಯು ತುಂಬುವುದಿಲ್ಲ.

ಎ, ಡಿ, ಇ, ಕೆ ವಿಟಮಿನ್‌ಗಳನ್ನು ಕರುಳು ಹೀರಿಕೊಳ್ಳಲಿಕ್ಕೂ ಕೊಬ್ಬು ಬೇಕು. ಸುಮ್ನೆ ನೀರಲ್ಲಿ ಬೇಯಿಸಿದ ಕ್ಯಾರೆಟ್‌ಗೆ ಸ್ವಲ್ಪ ಎಣ್ಣೆ ಸೋಕಿದರೆ ಅದರ ಬಣ್ಣದಲ್ಲಿರುವ ಸತ್ವ ಮೈಗೆ ಹತ್ತುತ್ತದೆ. ಹೊಸ ಜೀವಕೋಶಗಳ ಹೊರಪದರ ಆಗಲಿಕ್ಕೂ ಕೊಬ್ಬು ಬೇಕು. ಅದಕ್ಕೆ ಬೇಕಾದ ಕೆಲವು ಕೊಬ್ಬಿನಾಮ್ಲಗಳನ್ನು ದೇಹ ತಾನೇ ತಯಾರಿಸಿಕೊಳ್ಳಲಾರದು. ಬೀಜಗಳು, ಅಡುಗೆ ಎಣ್ಣೆ, ಮೀನು, ಹೀಗೆ ಊಟದಿಂದಲೇ ಬರಬೇಕು. ಮೀನೆಣ್ಣೆ ಮಾತ್ರೆಯನ್ನು ನಾನಾಗಿ ಹೇಳುವುದು ಕಡಿಮೆ. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರಂತೂ ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ಹಾಗಂತ ಕರಿದದ್ದು ತಿನ್ನಿಸಿ ಅಂತಲ್ಲ. ಒಂದೇ ಸಲ ಸುರಿಯುವ ಬದಲು ಪ್ರತಿ ಸಣ್ಣ ಊಟಕ್ಕೂ ಅರ್ಧ ಟೀ ಚಮಚ ಎಣ್ಣೆ ಹಾಕಿ, ಒಗ್ಗಿದರೆ ಹೆಚ್ಚಿಸಿ.

ಎಲ್ಲರಿಗೂ ಇದು ಹೊಂದುವುದಿಲ್ಲ. ಕೊಬ್ಬು ಕರಗಲು ಪಿತ್ತರಸ ಬೇಕು, ಕೊಬ್ಬನ್ನು ಒಡೆಯಲು ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಕಿಣ್ವ ಬೇಕು. ಪಿತ್ತನಾಳ ಕಟ್ಟಿಕೊಂಡು ಕಾಮಾಲೆ ಬಂದಿದ್ದರೆ, ಮೇದೋಜೀರಕಕ್ಕೆ ಊತ ಬಂದಿದ್ದರೆ ಎಷ್ಟು ಕೊಬ್ಬು ಅನ್ನುವುದನ್ನು ವೈದ್ಯರೇ ಹೇಳಬೇಕು. ಮನೆಯಲ್ಲಿ ಗಮನಿಸಬೇಕಾದದ್ದು ಮಲವನ್ನು. ಅದು ಬಿಳಿಚಿಕೊಂಡು, ಜಿಡ್ಡುಜಿಡ್ಡಾಗಿ, ನೀರು ಬಿಟ್ಟರೂ ಹೋಗದೆ ತೇಲುತ್ತಿದ್ದರೆ ತಿಂದ ಕೊಬ್ಬು ಜೀರ್ಣವಾಗುತ್ತಿಲ್ಲ ಅಂತ. ಸಂಕೋಚಪಟ್ಟು ಇದನ್ನು ಮುಚ್ಚಿಡುವವರೇ ಜಾಸ್ತಿ. ದಯವಿಟ್ಟು ಹೇಳಿ, ನಾವು ಕೇಳುವ ಮೊದಲೇ.