ಹನ್ನೆರಡು ಸೆಕೆಂಡು ಅಲುಗಾಡದೆ ಕೂರುವುದು

ಜೂನ್ ಮೊದಲ ವಾರ. ತೀರ್ಥಹಳ್ಳಿ ಹತ್ತಿರದ ಮಾವನ ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುತ್ತಿದ್ದರು. ಮರ ಹತ್ತುವ ಕೊನೆಗಾರರು ಸಿಗುವುದು ಈಗ ಕಷ್ಟ. ಅದಕ್ಕೇ ದೋಟಿ ಬಂದಿದೆ. ಕಾರ್ಬನ್ ಫೈಬರಿನ ಉದ್ದನೆಯ ಕೊಳವೆ, ತುದಿಯಲ್ಲಿ ಔಷಧಿ ಚಿಮ್ಮುವ ಗನ್ನು. ನೆಲದ ಮೇಲೆ ನಿಂತವನು ಕತ್ತೆತ್ತಿ ಅರವತ್ತು ಅಡಿ ಮೇಲಿನ ಗೊನೆಯನ್ನೇ ನೋಡುತ್ತಿರಬೇಕು. ತುದಿ ಎಡಕ್ಕೆ ವಾಲಿದರೆ ಕೈ ಬಲಕ್ಕೆ ಎಳೆಯಬೇಕು. ಒಂದು ಗಳಿಗೆ ಕಣ್ಣು ಕದಲಿದರೂ ಔಷಧಿ ಗಾಳಿಪಾಲು.

ಮಾವ ಕಾಲಾಳು ಪಡೆಯಲ್ಲಿದ್ದು ನಿವೃತ್ತರಾದವರು. ಸ್ವಲ್ಪ ಹೊತ್ತು ನೋಡಿ ಹೇಳಿದರು: “ಮಿಲಾನ್ ಹೊಡೆಯೋದೂ ಹೀಗೇ ಮಾರಾಯ. ಗುರಿ ಮೇಲಿಂದ ಕಣ್ಣು ತೆಗೆದ್ರೆ ಮುಗೀತು.”

ಮಿಲಾನ್ ಅಂದರೆ ಟ್ಯಾಂಕ್ ಒಡೆಯುವ ಕ್ಷಿಪಣಿ. ಸೇನೆ ತನ್ನ ಟ್ಯಾಂಕ್ ನಿರೋಧಕ ಕ್ಷಿಪಣಿಗಳನ್ನು ಆಧುನಿಕಗೊಳಿಸುತ್ತಿದೆ ಎಂಬ ಸುದ್ದಿ ಆಗಾಗ ಬರುತ್ತದೆ. ಅದರಲ್ಲಿ ಕೋಟಿಗಳ ಲೆಕ್ಕ ಇರುತ್ತದೆ, ಕಿಲೋಮೀಟರುಗಳ ಲೆಕ್ಕ ಇರುತ್ತದೆ. ನನಗೆ ಮುಖ್ಯ ಅನ್ನಿಸುವುದು ಬೇರೊಂದು ಲೆಕ್ಕ: ಗುಂಡಿ ಒತ್ತಿದ ಮೇಲೆ ಸೈನಿಕ ಎಷ್ಟು ಸೆಕೆಂಡು ಅಲ್ಲೇ ಕೂತಿರಬೇಕು?

ಮೊದಲು ಈ ಪ್ರಶ್ನೆಯೇ ಇರಲಿಲ್ಲ. 1965ರ ಯುದ್ಧದಲ್ಲಿ ಪಂಜಾಬಿನ ಅಸಲ್ ಉತ್ತರ್‌ನ ಕಬ್ಬಿನ ಗದ್ದೆಗಳ ನಡುವೆ ನಮ್ಮ ಸೇನೆಯ ಅಬ್ದುಲ್ ಹಮೀದ್ ಜೀಪಿನ ಮೇಲೆ ಕೂರಿಸಿದ 106 ಮಿಲಿಮೀಟರ್ ತೋಪಿನಿಂದ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಹೊಡೆದರು. ಹೊಡೆದು ತಕ್ಷಣ ಜಾಗ ಬದಲಿಸಬಹುದಿತ್ತು. ಆದರೆ ಆ ಗುಂಡು ಒಮ್ಮೆ ಹೊರಟರೆ ದಾರಿ ಬದಲಿಸುವುದಿಲ್ಲ. ಹಾಗಾಗಿ ತೀರಾ ಹತ್ತಿರ ಹೋಗಬೇಕಿತ್ತು. ಅವರು ಹೋದರು, ಅಲ್ಲೇ ಪ್ರಾಣ ಬಿಟ್ಟರು. ಪರಮವೀರ ಚಕ್ರ ಮರಣೋತ್ತರವಾಗಿ ಬಂತು.

ದೂರದಿಂದ ಹೊಡೆಯಬೇಕಾದರೆ ಹಾರುತ್ತಿರುವಾಗಲೇ ದಾರಿ ತಿದ್ದಬೇಕು. ಮೊದಲ ತಲೆಮಾರಿನ ಕ್ಷಿಪಣಿಗಳಲ್ಲಿ ಅದನ್ನು ಮನುಷ್ಯನೇ ಮಾಡುತ್ತಿದ್ದ. ಕ್ಷಿಪಣಿಯ ಹಿಂದೆ ಸಣ್ಣ ತಂತಿ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಇವನ ಕೈಯಲ್ಲಿ ಪುಟ್ಟ ಹಿಡಿಕೆ. ಕ್ಷಿಪಣಿಯನ್ನೂ ನೋಡಬೇಕು, ಟ್ಯಾಂಕನ್ನೂ ನೋಡಬೇಕು, ಎರಡನ್ನೂ ಒಂದೇ ಗೆರೆಗೆ ತರಬೇಕು. ಫ್ರಾನ್ಸಿನ ಎಸ್‌ಎಸ್-11 ಇಂಥದ್ದು. 1970ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಸರ್ಕಾರಿ ಕ್ಷಿಪಣಿ ಕಂಪನಿ ಭಾರತ್ ಡೈನಮಿಕ್ಸ್ ಮೊದಲು ತಯಾರಿಸಿದ್ದು ಇದನ್ನೇ. ರಷ್ಯಾದ ಮಾಲ್ಯುಟ್ಕಾ ಕೂಡ ಇದೇ ಜಾತಿ. 1973ರಲ್ಲಿ ಈಜಿಪ್ಟಿನ ಸೈನಿಕರು ಅದರಿಂದ ಇಸ್ರೇಲಿನ ಟ್ಯಾಂಕುಗಳಿಗೆ ದೊಡ್ಡ ಪೆಟ್ಟು ಕೊಟ್ಟರು. ಆದರೆ ಅದು 3 ಕಿಲೋಮೀಟರ್ ಹಾರಲು 25 ಸೆಕೆಂಡಿಗಿಂತ ಜಾಸ್ತಿ ಬೇಕು. ಇಸ್ರೇಲಿಗಳು ಬೇಗ ಪಾಠ ಕಲಿತರು. ಹೊಗೆ ಕಂಡ ಕಡೆ ಮನಸೋಇಚ್ಛೆ ಗುಂಡು ಹಾರಿಸುವುದು, ಟ್ಯಾಂಕನ್ನು ಅಡ್ಡಾದಿಡ್ಡಿ ಓಡಿಸುವುದು. ಹಿಡಿಕೆ ಹಿಡಿದವನು ತಲೆ ತಗ್ಗಿಸಿದರೆ ಸಾಕು, ಕ್ಷಿಪಣಿ ಅನಾಥ.

ಎರಡನೇ ತಲೆಮಾರು ಅವನ ಕೆಲಸವನ್ನು ಅರ್ಧ ಮಾಡಿತು. ಮಾವ ಬಳಸಿದ್ದು ಇದನ್ನು. ಸೈನಿಕ ದುರ್ಬೀನಿನ ಅಡ್ಡಗೆರೆಯನ್ನು ಟ್ಯಾಂಕಿನ ಮೇಲೆ ಇಟ್ಟುಕೊಂಡರೆ ಸಾಕು. ಕ್ಷಿಪಣಿಯ ಬಾಲದಲ್ಲಿ ಒಂದು ಬೆಳಕಿನ ಗುರುತು ಇರುತ್ತದೆ. ಅದು ಅಡ್ಡಗೆರೆಯಿಂದ ಎಷ್ಟು ಆಚೆ ಇದೆ ಎಂದು ಯಂತ್ರವೇ ಅಳೆದು, ತಂತಿಯ ಮೂಲಕ ತಿದ್ದುತ್ತದೆ. ಮಿಲಾನ್-2ಟಿ 1,850 ಮೀಟರ್ ಹೋಗುತ್ತದೆ. ಅದಕ್ಕೆ ಹನ್ನೆರಡು ಸೆಕೆಂಡಿನ ಹತ್ತಿರ. ರಷ್ಯಾ ಮೂಲದ ಕಾಂಕುರ್ಸ್ 4 ಕಿಲೋಮೀಟರಿಗೆ ಇಪ್ಪತ್ತು ಸೆಕೆಂಡು ತೆಗೆದುಕೊಳ್ಳುತ್ತದೆ. ಮಿಲಾನ್ ಹೋಗುವಷ್ಟು ದೂರವನ್ನು ಟ್ಯಾಂಕಿನ ಗುಂಡು ಎರಡು ಮೂರು ಸೆಕೆಂಡಿನಲ್ಲಿ ದಾಟುತ್ತದೆ. ಹನ್ನೆರಡು ಸೆಕೆಂಡು ಎಷ್ಟು ಉದ್ದ ಅಂತ ಈಗ ಅಂದಾಜಾಯಿತಲ್ವಾ?

ಇನ್ನು ತಲುಪಿದ ಮೇಲೆ ಆಗುವುದೇನು? ನನಗಂತೂ ಇಡೀ ವಿಷಯದಲ್ಲಿ ಇದೇ ಬೆರಗು. ಅಷ್ಟು ಸಣ್ಣ ಕ್ಷಿಪಣಿ ದಪ್ಪನೆ ಉಕ್ಕನ್ನು ಹೇಗೆ ತೂತು ಮಾಡುತ್ತದೆ? ಬಹಳ ಜನ ಅದು ಲೋಹವನ್ನು ಕರಗಿಸುತ್ತದೆ ಅಂದುಕೊಂಡಿದ್ದಾರೆ. ಕರಗಿಸುವುದಿಲ್ಲ. ಒಳಗೆ ಆಲಿಕೆಯ ಆಕಾರದ ತಾಮ್ರದ ತಗಡು ಇದೆ, ಅದರ ಹಿಂದೆ ಸಿಡಿಮದ್ದು. ಕೊಳೆರೋಗದ ಔಷಧಿಗೆ ಹಾಕುವ ಮೈಲುತುತ್ತದಲ್ಲಿರುವ ತಾಮ್ರವೇ, ಕೆಲಸ ಮಾತ್ರ ಬೇರೆ! ಮದ್ದು ಸಿಡಿದಾಗ ಆಲಿಕೆ ಒಳಮುಖವಾಗಿ ಕುಸಿಯುತ್ತದೆ. ನಡುವಿನಿಂದ ತಾಮ್ರದ ತೆಳು ಧಾರೆಯೊಂದು ಮುಂದಕ್ಕೆ ಚಿಮ್ಮುತ್ತದೆ. ಅದರ ತುದಿಯ ವೇಗ ಸೆಕೆಂಡಿಗೆ 8ರಿಂದ 10 ಕಿಲೋಮೀಟರ್. ಶಿವಮೊಗ್ಗದಿಂದ ಭದ್ರಾವತಿಗೆ ಎರಡು ಸೆಕೆಂಡು ಚಿಲ್ಲರೆ. ಆ ವೇಗದಲ್ಲಿ ಬಂದು ಬಡಿದಾಗ ಹುಟ್ಟುವ ಒತ್ತಡಕ್ಕೆ ಭದ್ರಾವತಿಯ ಉಕ್ಕೇ ಆದರೂ ತಡೆಯುವುದಿಲ್ಲ. ಗಟ್ಟಿ ಉಕ್ಕು ಹಸಿ ಮಣ್ಣಿನಂತೆ ಪಕ್ಕಕ್ಕೆ ಸರಿಯುತ್ತದೆ. ಔಷಧಿ ಗನ್ನಿನ ಧಾರೆಯನ್ನು ತೋಟದ ಬದುವಿಗೆ ಹಿಡಿದು ನೋಡಿ, ಮಣ್ಣು ಹೇಗೆ ಗುಳಿ ಬೀಳುತ್ತದೆ ಅಂತ. ಹೆಚ್ಚು ಕಡಿಮೆ ಅದೇ ಲೆಕ್ಕ.

ಈ ಧಾರೆ ತನ್ನ ಆಲಿಕೆಯ ಅಗಲದ ಐದಾರು ಪಟ್ಟು ಆಳದ ಉಕ್ಕನ್ನು ಕೊರೆಯಬಲ್ಲದು. ಟ್ಯಾಂಕಿನವರು ಸುಮ್ನೆ ಕೂರಲಿಲ್ಲ. ಹೊರಮೈಗೆ ಸಿಡಿಮದ್ದು ತುಂಬಿದ ಡಬ್ಬಿಗಳನ್ನು ಅಂಟಿಸಿದರು. ಧಾರೆ ತಾಗಿದ ಕೂಡಲೇ ಡಬ್ಬಿ ಸಿಡಿದು ಅದನ್ನು ಚದುರಿಸುತ್ತದೆ. ಅದಕ್ಕೆ ಉತ್ತರವಾಗಿ ಕ್ಷಿಪಣಿಯಲ್ಲಿ ಎರಡು ಸಿಡಿತಲೆ ಬಂತು. ಮುಂದಿನ ಸಣ್ಣದು ಡಬ್ಬಿಯನ್ನು ಸಿಡಿಸಿ ಮುಗಿಸುತ್ತದೆ, ಹಿಂದಿನ ದೊಡ್ಡದು ಉಕ್ಕನ್ನು ನೋಡಿಕೊಳ್ಳುತ್ತದೆ. ಸಿಪ್ಪೆ ಸುಲಿದು ಆಮೇಲೆ ಅಡಿಕೆ ಒಡೆದ ಹಾಗೆ. ಮಿಲಾನ್-2ಟಿಯ ‘ಟಿ’ ಸೂಚಿಸುವುದು ಈ ಜೋಡಿ ಸಿಡಿತಲೆಯನ್ನೇ.

ಇನ್ನೊಂದು ಉಪಾಯ ನಮ್ಮ ಮಂಗಗಳಿಗೆ ಎಂದೋ ಗೊತ್ತಿತ್ತು. ಮಲೆನಾಡಿನ ಹಳೇ ಮನೆಗೆ ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ಬರೀ ಹಂಚು. ಮಂಗ ಗೋಡೆ ಕೆಡವಲು ಹೋಗುವುದಿಲ್ಲ. ಸೂರಿಗೆ ಹಾರಿ ಹಂಚು ಕಿತ್ತು ಒಳಗಿಳಿಯುತ್ತದೆ. ಟ್ಯಾಂಕಿಗೂ ಮುಖದ ಕಡೆ ದಪ್ಪ, ನೆತ್ತಿ ತೆಳು. ಮೂರನೇ ತಲೆಮಾರಿನ ಕ್ಷಿಪಣಿಗಳು ಮೇಲೆದ್ದು ನೆತ್ತಿಗೇ ಎರಗುತ್ತವೆ. ಅಮೆರಿಕದ ಜಾವೆಲಿನ್ ಇಂಥದ್ದು, ನಮ್ಮ ನಾಗ್ ಕೂಡ.

ಇವಕ್ಕೆ ಸ್ವಂತ ಕಣ್ಣಿದೆ. ಮೂತಿಯಲ್ಲಿ ಶಾಖದ ಚಿತ್ರ ಹಿಡಿಯುವ ಕ್ಯಾಮರಾ. ಸೈನಿಕ ಗುರಿಯನ್ನು ತೋರಿಸಿ, ಗುಂಡಿ ಒತ್ತಿ, ಎದ್ದು ಹೋಗಬಹುದು. ಹನ್ನೆರಡು ಸೆಕೆಂಡು ಸೊನ್ನೆಯಾಯಿತು.

ಕೇಳಲು ಸುಲಭ. ನಾಗ್ ಯೋಜನೆ 1983ರಲ್ಲಿ ಅಬ್ದುಲ್ ಕಲಾಂ ಮುಂದಾಳತ್ವದ ಕ್ಷಿಪಣಿ ಕಾರ್ಯಕ್ರಮದ ಭಾಗವಾಗಿ ಶುರುವಾಯಿತು. ಸೇನೆಯ ಕೊನೆಯ ಪರೀಕ್ಷೆ ಪೋಖ್ರಾನಿನಲ್ಲಿ ಮುಗಿದದ್ದು 2020ರ ಅಕ್ಟೋಬರಿನಲ್ಲಿ. ಯಾಕಿಷ್ಟು ವರ್ಷ ಅಂದರೆ, ಕಾರಣ ಒಂದಲ್ಲ. ಆದರೆ ಒಂದು ದೊಡ್ಡ ತೊಡಕು ಆ ಕಣ್ಣಿನದೇ. ಶಾಖದ ಕ್ಯಾಮರಾಕ್ಕೆ ಕಾಣುವುದು ಬಿಸಿಯಲ್ಲ, ಬಿಸಿಯ ವ್ಯತ್ಯಾಸ. ಅಡಿಕೆ ಒಣಗಿಸುವ ಅಂಗಳದಲ್ಲಿ ಸಂಜೆ ಬರಿಗಾಲಲ್ಲಿ ನಡೆದವರಿಗೆ ಇದು ಗೊತ್ತು. ಮಧ್ಯಾಹ್ನ ಕಲ್ಲು ಸುಡುತ್ತಿರುತ್ತದೆ, ಪಕ್ಕದ ಮಣ್ಣು ಅಷ್ಟಿಲ್ಲ. ಕತ್ತಲಾಗುತ್ತಾ ಎರಡೂ ತಮ್ಮ ತಮ್ಮ ವೇಗದಲ್ಲಿ ಆರುತ್ತವೆ. ನಡುವೆ ಒಂದು ಹೊತ್ತಿನಲ್ಲಿ ಕಾಲಿಗೆ ಎರಡೂ ಒಂದೇ. ಕಣ್ಣು ಮುಚ್ಚಿದ್ದರೆ ಯಾವುದು ಕಲ್ಲು, ಯಾವುದು ಮಣ್ಣು ಹೇಳಲಾರಿರಿ. ರಾಜಸ್ಥಾನದ ಬೇಸಿಗೆಯಲ್ಲಿ ಮರಳು, ಬಂಡೆ, ಟ್ಯಾಂಕು ಎಲ್ಲವೂ ಹೀಗೆ ಒಂದೇ ಬಿಸಿಗೆ ಬಂದಾಗ ದೂರದ ಟ್ಯಾಂಕು ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ನಾಗ್‌ನ ಕಣ್ಣನ್ನು ಇದಕ್ಕಾಗಿಯೇ ಮತ್ತೆ ಮತ್ತೆ ಸುಧಾರಿಸಬೇಕಾಯಿತು. ಮರುಭೂಮಿಯ ಕಷ್ಟ ಒಂದು ಬಗೆಯದಾದರೆ ಆಗುಂಬೆಯ ಮಳೆಗಾಲದ್ದು ಇನ್ನೊಂದು ಬಗೆ. ಘಾಟಿಯ ದಟ್ಟ ಮಂಜಿನಲ್ಲಿ ಶಾಖದ ಕ್ಯಾಮರಾವೂ ಹೆಚ್ಚು ದೂರ ನೋಡಲಾರದು.

ಕಣ್ಣು ಇದ್ದ ಮೇಲೆ ಬೆಲೆಯೂ ಏರುತ್ತದೆ, ಪ್ರತಿ ಹೊಡೆತಕ್ಕೂ ಒಂದು ಕ್ಯಾಮರಾ ಸುಟ್ಟುಹೋಗುತ್ತದಲ್ಲ! ಹಾಗಾಗಿ ಹಳೆಯದನ್ನು ಒಂದೇ ಸಲಕ್ಕೆ ಬಿಸಾಕಲು ಆಗುವುದಿಲ್ಲ. ನಾಗ್ ಪರೀಕ್ಷೆ ಮುಗಿದ ಮರುವರ್ಷ, 2021ರ ಮಾರ್ಚಿನಲ್ಲಿ, ರಕ್ಷಣಾ ಸಚಿವಾಲಯ 4,960 ಮಿಲಾನ್-2ಟಿ ಕ್ಷಿಪಣಿಗಳಿಗೆ 1,188 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. ಭಾಗಿಸಿದರೆ ಒಂದಕ್ಕೆ 24 ಲಕ್ಷದ ಹತ್ತಿರ. ಹಳೇ ತಂತ್ರಜ್ಞಾನಕ್ಕೆ ಯಾಕಿಷ್ಟು ದುಡ್ಡು ಅಂತ ನಾನೂ ಗೊಣಗಿದ್ದೆ. ಮಾವ ತೋಟದ ಕಡೆ ಕೈ ತೋರಿಸಿದರು. ಹಳೇ ಮರಗಳ ನಡುವೆ ಹೊಸ ಸಸಿ ನೆಟ್ಟಿದ್ದರು. ಸಸಿ ಫಸಲು ಕೊಡಲು ಐದಾರು ವರ್ಷ ಬೇಕು. ಅಲ್ಲಿವರೆಗೆ ಮುದಿ ಮರಕ್ಕೂ ಗೊಬ್ಬರ ಹಾಕಲೇಬೇಕು.

ಅದೂ ಅಲ್ಲದೆ ಕ್ಷಿಪಣಿ ಗೋದಾಮಿನಲ್ಲಿ ಕೂತಲ್ಲೇ ಮುದಿಯಾಗುತ್ತದೆ. ಮುಚ್ಚಿದ ಕೊಳವೆಯಲ್ಲೇ ಇದ್ದರೂ ಇಂಧನದ ಗಟ್ಟಿ ಕಡ್ಡಿ ವರ್ಷಗಳು ಕಳೆದಂತೆ ಬಿರುಕು ಬಿಡಬಹುದು, ಬ್ಯಾಟರಿ ಸೋಲಬಹುದು. ಮಳೆಗಾಲದಲ್ಲಿ ಕೋವಿಯ ತೋಟಾ ಥಂಡಿ ಹಿಡಿದು ಠುಸ್ ಅಂದ ಕಥೆ ನಮ್ಮೂರಲ್ಲಿ ಪ್ರತಿ ಮನೆಯಲ್ಲೂ ಇದೆ. ಆಯುಸ್ಸು ಮುಗಿದದ್ದರ ಜಾಗಕ್ಕೆ ಏನಾದರೂ ಬರಲೇಬೇಕು. ಮಿಲಾನ್‌ಗೆ ಇನ್ನೊಂದು ಉಪಯೋಗವೂ ಇದೆ. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಬ್ರಿಟಿಷರು ಅದನ್ನು ಜಾಸ್ತಿ ಬಳಸಿದ್ದು ಬಂಕರುಗಳ ಮೇಲೆ. ಬಂಕರು ಓಡಿಹೋಗುವುದಿಲ್ಲ, ಅದಕ್ಕೆ ದುಬಾರಿ ಕಣ್ಣು ಬೇಡ.

ಹೊಸ ಸಸಿಗಳೂ ಬೆಳೆಯುತ್ತಿವೆ. ಸೈನಿಕರೇ ಹೊತ್ತೊಯ್ಯುವ ದೇಶೀಯ ಕ್ಷಿಪಣಿಯನ್ನು 2024ರ ಏಪ್ರಿಲಿನಲ್ಲಿ ಪೋಖ್ರಾನಿನಲ್ಲಿ ಪರೀಕ್ಷಿಸಿದರು. ನಾಗ್‌ಗೆ 2025ರ ಮಾರ್ಚಿನಲ್ಲಿ 1,801 ಕೋಟಿಯ ಒಪ್ಪಂದವಾಯಿತು.

ಇಷ್ಟೆಲ್ಲ ಹೇಳಿದ ಮೇಲೆ ಮಾವ ಒಂದು ಪ್ರಶ್ನೆ ಹಾಕಿದರು. “ಗುಂಡಿ ಒತ್ತಿ ಎದ್ದು ಹೋದೆ ಅನ್ನು. ಆಮೇಲೆ ನೋಡಿದ್ರೆ ಅದು ಟ್ಯಾಂಕಲ್ಲ, ಯಾರದೋ ಟ್ರ್ಯಾಕ್ಟ್ರು. ಆಗ?”

ಒಳ್ಳೆ ಪ್ರಶ್ನೆ. ಇಸ್ರೇಲಿನ ಸ್ಪೈಕ್ ಇದಕ್ಕೇ ಹಳೇ ತಂತಿಯನ್ನು ಹೊಸ ವೇಷದಲ್ಲಿ ವಾಪಸ್ ತಂದಿದೆ. ಹಿಂದೆ ಬಿಚ್ಚಿಕೊಳ್ಳುವುದು ಕೂದಲೆಳೆಯಂಥ ಆಪ್ಟಿಕಲ್ ಫೈಬರ್. ಕ್ಷಿಪಣಿಯ ಕಣ್ಣಿಗೆ ಕಾಣುವುದೆಲ್ಲ ಅದರಲ್ಲಿ ಹಿಂದಕ್ಕೆ ಬರುತ್ತದೆ. ಬೇಕಾದರೆ ಎದ್ದು ಹೋಗಿ. ಬೇಡ, ಕೂತಿದ್ದರೆ ಕೊನೆಗಳಿಗೆಯಲ್ಲೂ ಗುರಿ ಬದಲಿಸಬಹುದು. ಭಾರತವೂ ಕೆಲವನ್ನು ಕೊಂಡಿದೆ.

“ಹಾಗಾದ್ರೆ ಮತ್ತೆ ಕೂರಲೇಬೇಕು ಅನ್ನು” ಅಂದರು ಮಾವ. ಅಷ್ಟರಲ್ಲಿ ದೋಟಿಯವನು ಮುಂದಿನ ಮರಕ್ಕೆ ಹೋಗಿ ಕತ್ತೆತ್ತಿ ನಿಂತಿದ್ದ.